ಬ್ಲಾಂಡಿನ್‌ಳ ಹತ್ತು ಮಣಿ

ನನ್ನ ಅಂಗಡಿಯ ಮುಂದೆ, ಪೆಟ್ರೋಲ್ ಪಂಪಿನ ಪಕ್ಕದಲ್ಲಿ, ಒಂದು ತಕ್ಕಡಿ ನೇತಾಡುತ್ತದೆ. ಗಡಿಯಾರದಂಥ ದುಂಡು ಮುಖ, ಕೆಳಗೊಂದು ಕೊಕ್ಕೆ, ಮೇಲೊಂದು ರಾಟೆ. ಆಗಸ್ಟಿನ ಕೊನೆಯ ಸೋಮವಾರದಿಂದ ನಾಲ್ಕು ವಾರದ ಬೇಟೆಯ ಕಾಲದಲ್ಲಿ, ಈ ಕಣಿವೆಯಲ್ಲಿ ಹೊಡೆದ ಕರಡಿಗಳೆಲ್ಲ ಇದೇ ಕೊಕ್ಕೆಗೆ ಬರಬೇಕು. ತೂಗುವವಳು ನಾನು, ಹೆಸರು ಬರೆದುಕೊಳ್ಳುವವಳು ನಾನು, ಕರಡಿಯ ವಯಸ್ಸು ತಿಳಿಯಲೆಂದು ವನ್ಯಜೀವಿ ಇಲಾಖೆಯವರು ಕೇಳುವ ಸಣ್ಣ ಹಲ್ಲನ್ನು ಇಕ್ಕಳದಲ್ಲಿ ಕಿತ್ತು ಲಕೋಟೆಗೆ ಹಾಕುವವಳೂ ನಾನೇ. ಮೂವತ್ತೊಂದು ವರ್ಷದಲ್ಲಿ, "ಇಷ್ಟೇನಾ?" ಎಂದು ಕೇಳದ ಗಂಡಸನ್ನು ನಾನು ಕಂಡಿಲ್ಲ. ಕಾಡಿನಲ್ಲಿ ನಾನೂರು ಪೌಂಡು ಇದ್ದ ಕರಡಿ ನನ್ನ ಅಂಗಳಕ್ಕೆ ಬರುವಷ್ಟರಲ್ಲಿ ಇನ್ನೂರಕ್ಕೆ ಇಳಿದಿರುತ್ತದೆ. ತಪ್ಪು ಮಾತ್ರ ನನ್ನ ತಕ್ಕಡಿಯದು.

ಇವರಲ್ಲೆಲ್ಲ ದೊಡ್ಡ ಬಾಯಿಯವನು ಲಯೊನೆಲ್ ಮೊರ್ನೊ. ಹೊರಗಿನಿಂದ ಬರುವ ಬೇಟೆಗಾರರನ್ನು ಕರಡಿಗೆ ಕರೆದೊಯ್ಯುವುದು ಅವನ ಕಸುಬು. ಪ್ರತಿ ಕರಡಿಗೂ ನನ್ನ ಮುಂದೆ ನಿಂತು, ತಲೆಯನ್ನು ಒಂದು ಕಡೆಗೆ ವಾಲಿಸಿ, "ಕ್ಲೋಡೆಟ್, ನಿನ್ನ ತಕ್ಕಡಿ ಸುಳ್ಳು ಹೇಳುತ್ತೆ" ಎನ್ನುತ್ತಿದ್ದ. ನಾನು ಏನಾದರೊಂದು ಬೈಯುತ್ತಿದ್ದೆ. ಅದು ನಮ್ಮಿಬ್ಬರ ನಮಸ್ಕಾರ ಇದ್ದ ಹಾಗೆ.

ಆ ವರ್ಷ ಜೂನಿನಿಂದ ಅದೇ ಕೊಕ್ಕೆಗೆ ಲಯೊನೆಲ್‌ನೇ ಬರತೊಡಗಿದ. ಪ್ರತಿ ಶನಿವಾರ ಬೆಳಿಗ್ಗೆ ಅವನ ಹೆಂಡತಿ ಬ್ಲಾಂಡಿನ್ ಪಿಕಪ್ಪಿನಲ್ಲಿ ಅವನನ್ನು ಕೂರಿಸಿಕೊಂಡು ಬರುವಳು. ಮರದ ಕುರ್ಚಿಯೊಂದಕ್ಕೆ ನಾಲ್ಕು ಹಗ್ಗ ಬಿಗಿದು, ಅದರಲ್ಲಿ ಅವನನ್ನು ಕೂರಿಸಿ, ರಾಟೆ ಎಳೆದು, ನೆಲದಿಂದ ಗೇಣುದ್ದ ಎತ್ತಿ ತೂಗುತ್ತಿದ್ದೆವು. ಮನೆಯಲ್ಲಿ ನಿಂತು ತೂಗಿಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು. ಮಾತು ಪೂರಾ ನಿಂತಿತ್ತು. ಏಪ್ರಿಲಿನಲ್ಲಿ ಇನ್ನೂರ ಹನ್ನೆರಡು ಪೌಂಡಿದ್ದವನು ಜುಲೈಗೆ ನೂರ ಅರವತ್ತಾರಕ್ಕೆ ಬಂದಿದ್ದ. ಮುಳ್ಳು ನಿಂತಾಗ ನಾನು ಅವನ ಮುಖ ನೋಡುತ್ತಿದ್ದೆ, ಈಗಲಾದರೂ ತಕ್ಕಡಿಗೆ ಬೈಯಲಿ ಎಂದು. ಅವನು ಹೊಳೆಯ ಕಡೆ ನೋಡುತ್ತಿದ್ದ.

ಬ್ಲಾಂಡಿನ್ ನನ್ನ ಜೊತೆ ಒಂದೇ ಬೆಂಚಿನಲ್ಲಿ ಓದಿದವಳು. ಹದಿನಾಲ್ಕು ಮಕ್ಕಳಲ್ಲಿ ಹನ್ನೊಂದನೆಯವಳು, ಎರಡಾಳಿನ ಕೆಲಸ ಮಾಡಿ ಅರ್ಧಾಳಿನ ಮಾತಾಡುವವಳು. ಸೆಪ್ಟೆಂಬರಿನಲ್ಲಿ ಆಲೂಗಡ್ಡೆ ಆರಿಸಲೆಂದು ಶಾಲೆಗೆ ರಜೆ ಬಿಟ್ಟಾಗ ಅವಳು ತುಂಬಿಸುತ್ತಿದ್ದಷ್ಟು ಪೀಪಾಯಿಗಳನ್ನು ಅವಳ ಅಣ್ಣಂದಿರೂ ತುಂಬಿಸುತ್ತಿರಲಿಲ್ಲ. ಹತ್ತೊಂಬತ್ತಕ್ಕೆ ಲಯೊನೆಲ್‌ನನ್ನು ಮದುವೆಯಾದಳು. ಪೀಪಾಯಿಗಳು ಅಲ್ಲೂ ಬಿಡಲಿಲ್ಲ. ಕಾಡಿನಲ್ಲಿ ಹನ್ನೆರಡು ಕಡೆ ಮರಕ್ಕೆ ಸರಪಳಿಯಿಂದ ಬಿಗಿದ ಕಬ್ಬಿಣದ ಪೀಪಾಯಿ, ಅದರ ಹೊಟ್ಟೆಗೆ ಕರಡಿಯ ಕೈ ಹಿಡಿಸುವಷ್ಟು ಒಂದು ತೂತು. ಬೇಟೆಯ ಕಾಲಕ್ಕೆ ಒಂದು ತಿಂಗಳು ಮೊದಲೇ ಅವುಗಳಿಗೆ ಎರೆ ಹಾಕಲು ಶುರುಮಾಡಬೇಕು. ಬೇರೆಯವರು ಹೋಟೆಲಿನ ಕರಿದ ಎಣ್ಣೆ, ಹಳಸಿದ ಮಿಠಾಯಿ, ಕೈಗೆ ಸಿಕ್ಕಿದ್ದನ್ನೆಲ್ಲ ಸುರಿಯುತ್ತಾರೆ. ಬ್ಲಾಂಡಿನ್ ಹಾಕುತ್ತಿದ್ದದ್ದು ಓಟ್ಸ್, ಕಾಕಂಬಿ, ಒಣಗಿದ ಬ್ರೆಡ್ಡು. ನಲವತ್ತೇಳು ವರ್ಷ ದಿನ ಬಿಟ್ಟು ದಿನ ಬಕೆಟ್ ಹೊತ್ತಿದ್ದಾಳೆ. ಆ ಕಾಕಂಬಿಯ ವಾಸನೆ ಭಾನುವಾರದ ಚರ್ಚಿನ ಪೂಜೆಗೂ ಅವಳ ಜೊತೆ ಬರುತ್ತಿತ್ತು. ಎರೆ ಹಾಕಿದವರ ಹೆಸರನ್ನು ಪೀಪಾಯಿಯ ಮೇಲೆ ಬರೆಯಬೇಕೆಂದು ಕಾನೂನಿದೆ. ಹನ್ನೆರಡರ ಮೇಲೂ ಬರೆದದ್ದು ಲಯೊನೆಲ್‌ನ ಹೆಸರು. ಅದಕ್ಕೆ ನಾನು ಎಷ್ಟೋ ಸಲ ಕೆರಳಿದ್ದೇನೆ, ಅವಳು ಒಂದು ಸಲವೂ ಕೆರಳಿಲ್ಲ.

ಕೋವಿ ಅವಳಿಗೆ ಹೊಸದೇನಲ್ಲ. ಅಡುಗೆಮನೆಯ ಬಾಗಿಲಲ್ಲೇ ನಿಂತು ಕಾಡುಕೋಳಿ ಹೊಡೆದವಳು. ಆದರೆ ಕರಡಿಗೆ ಮಾತ್ರ ಎಂದೂ ಕೂತವಳಲ್ಲ. ಕರಡಿ ಬಂದದ್ದು ಬೇರೆಯವರಿಗೆ. ಅವಳ ಪಾಲಿಗೆ ಬಂದದ್ದು ಕೊಬ್ಬು. ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಇಡೀ ದಿನ ಸಣ್ಣ ಉರಿಯಲ್ಲಿ ಕರಗಿಸಿ, ಸೋಸಿ, ಜಾಡಿಗಳಲ್ಲಿ ತುಂಬಿಡುತ್ತಿದ್ದಳು. ಮಂಜಿನ ಹಾಗೆ ಬೆಳ್ಳಗಿರುತ್ತಿತ್ತು. ಆ ಕೊಬ್ಬು ಹಾಕಿ ಕಲಸಿದ ಹಿಟ್ಟಿನಲ್ಲಿ ಅವಳು ಮಾಡುತ್ತಿದ್ದ ರಾಸ್ಪ್‌ಬೆರಿ ಪೈ ತಿಂದವರು ನಮ್ಮ ಊರಿನಲ್ಲಿ ಇನ್ನೊಬ್ಬರ ಪೈಯನ್ನು ಮನಸಾರೆ ಹೊಗಳಿದ್ದಿಲ್ಲ, ನನ್ನದನ್ನೂ ಸೇರಿಸಿ.

ಅವಳ ಹತ್ತು ಮಣಿಯ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಮದುವೆಯಾದ ಎರಡನೇ ವರ್ಷ ಲಯೊನೆಲ್ ಕರೆತಂದ ಬೇಟೆಗಾರನೊಬ್ಬ, ಕರಡಿ ಕಂಡದ್ದೇ ತಡ, ಗುಂಡು ಹೊಡೆದ. ಹೆಣ್ಣು ಕರಡಿ. ಹಿಂದೆಯೇ ಬರುತ್ತಿದ್ದ ಎರಡು ಮರಿಗಳು ಫರ್ ಮರ ಹತ್ತಿ ಕೂತು ಅಳತೊಡಗಿದವು. ಕರಡಿ ಮರಿ ಅಳುವುದನ್ನು ಕೇಳಿದವರಿಗೆ ಗೊತ್ತು, ಅದು ಥೇಟ್ ಮನುಷ್ಯರ ಕೂಸಿನ ಅಳು. ಆ ವಸಂತದಲ್ಲಷ್ಟೇ ಬ್ಲಾಂಡಿನ್‌ಳ ಕೂಸು ಏಳು ದಿನ ಬದುಕಿ ಹೋಗಿತ್ತು, ಮತ್ತೆ ಮಕ್ಕಳಾಗಲಿಲ್ಲ. ಅಡುಗೆಗೆಂದು ಬೇಟೆಗಾರರ ಬಿಡಾರಕ್ಕೆ ಹೋಗಿದ್ದವಳು ಎರಡು ದಿನ ಆ ಅಳು ಕೇಳಿದಳು. ಮೂರನೇ ದಿನ ಒಲೆ ಹೊತ್ತಿಸದೆ ಬಾಗಿಲಲ್ಲಿ ನಿಂತು, ಇನ್ನು ಮುಂದೆ ಕರಡಿ ಬಂದ ಮೇಲೆ ಮಾತೆ ಮರಿಯಳ 'ನಮೋ ಮರಿಯ' ಜಪವನ್ನು ಹತ್ತು ಸಲ ಹೇಳಿ ಮುಗಿಸುವ ತನಕ ಯಾರೂ ಕೋವಿ ಎತ್ತಕೂಡದು, ಎತ್ತಿದವರಿಗೆ ನನ್ನ ಮನೆಯಲ್ಲಿ ಊಟವಿಲ್ಲ ಎಂದಳು. ಮರಿಗಳಿದ್ದರೆ ಅಷ್ಟರಲ್ಲಿ ತಾಯಿಯ ಹಿಂದೆ ಬಂದೇ ಬರುತ್ತವೆ. ಬಂದರೆ ಆ ತಾಯಿಯನ್ನು ಬಿಟ್ಟುಬಿಡಬೇಕು. ಕಾನೂನು ಬೇಡ ಅನ್ನುವುದಿಲ್ಲವಲ್ಲ ಎಂದು ಯಾರೋ ವಾದಕ್ಕಿಳಿದರು. ನಾನು ಬೇಡ ಅನ್ನುತ್ತೇನಲ್ಲ ಎಂದಳು ಅವಳು.

ಒಣ ಅವರೆಯಂಥ ಕಾಳುಗಳಿಗೆ ತೂತು ಕೊರೆದು, ಹತ್ತತ್ತು ಪೋಣಿಸಿ, ಪೀಪಾಯಿಗಳ ಎದುರಿನ ಮರಗಳಲ್ಲಿ ಬೇಟೆಗಾರರು ಕೂರುವ ಹನ್ನೆರಡು ಅಟ್ಟಣೆಗಳಲ್ಲೂ ಮೊಳೆಗೆ ತೂಗುಹಾಕಿದಳು. ನಮ್ಮ ಪ್ರಾರ್ಥನೆ ಗೊತ್ತಿಲ್ಲದ ಬೇರೆ ಮತದವರೂ ಬರುತ್ತಿದ್ದರು. ಅವರನ್ನು ಮೇಜಿನ ಮುಂದೆ ಕೂರಿಸಿ, ಪ್ಲೋಯ್ ಎನ್ನುವ ನಮ್ಮ ಕಡೆಯ ದೋಸೆಯ ತಟ್ಟೆಯನ್ನು ಕೈಗೆಟುಕದಷ್ಟು ದೂರ ಇಟ್ಟು, ಬಾಯಿಪಾಠ ಮಾಡಿಸಿದಳು. ಲಯೊನೆಲ್ ಮಾತ್ರ ಮದುವೆಗೆ, ಸಾವಿಗೆ ಬಿಟ್ಟರೆ ಚರ್ಚಿನ ಮೆಟ್ಟಿಲು ಹತ್ತಿದವನಲ್ಲ. ಆದರೆ ಕರಡಿಯ ಮುಂದೆ ಅವನೂ ಹತ್ತು ಹೇಳುತ್ತಿದ್ದ. ಅವಳಿಗೆ ಅದು ಜಪ, ಅವನಿಗೆ ಗಡಿಯಾರ. ಬೇಟೆಗಾರನ ಪಕ್ಕದಲ್ಲೇ ಕೂತು ತುಟಿಯೊಳಗೇ ಹೇಳುತ್ತಿದ್ದ. ಹತ್ತು ಮುಗಿದ ಮೇಲೆ ಅವನ ಮೊಣಕಾಲಿನ ಮೇಲೆ ಕೈ ಇಡುತ್ತಿದ್ದ, ಹಾಗೆಂದರೆ ಹೊಡೆ ಎಂದು. ಅದಕ್ಕೆ ಮೊದಲು ಉಸಿರು ಜೋರಾಗಿ ಬಿಟ್ಟರೂ ಅವನಿಗೆ ಆಗುತ್ತಿರಲಿಲ್ಲ. ಅಟ್ಟಣೆಯ ಮೇಲೆ ಕೆಮ್ಮಿದ ಪೆನ್ಸಿಲ್ವೇನಿಯದ ದಂತವೈದ್ಯನೊಬ್ಬನನ್ನು ಮರುದಿನವೇ ಗಂಟುಮೂಟೆ ಕಟ್ಟಿಸಿ ಊರಿಗೆ ಕಳಿಸಿದ್ದ.

ಇಂಥ ಗಂಡಸು ಈಸ್ಟರ್ ಕಳೆದ ಸೋಮವಾರ ಕಟ್ಟಿಗೆ ಒಡೆಯುತ್ತಾ ಬಿದ್ದ. ಮಾತು ಒಳಗೆ ಇದೆ, ಬಾಯಿಗೆ ಬರುವ ದಾರಿ ಕಡಿದುಹೋಗಿದೆ ಎಂದರು ಡಾಕ್ಟರು. ಮೇ ತಿಂಗಳಲ್ಲಿ ಮನೆಗೆ ಕಳಿಸಿದರು. ಮನೆಗೆ ಬಂದವನು ತಿನ್ನುವುದನ್ನು ಬಿಟ್ಟ. ಗಂಟಲಿಗೆ ಏನೂ ಆಗಿರಲಿಲ್ಲ. ಅವನಿಗೇ ಬೇಡವಾಗಿತ್ತು. ಸೂಪು ಕೊಟ್ಟರೆ ಎರಡು ಚಮಚ, ದೋಸೆ ಕೊಟ್ಟರೆ ಒಂದು ತುಂಡು, ಆಮೇಲೆ ಗೋಡೆಯ ಕಡೆ ಮುಖ. ಬ್ಲಾಂಡಿನ್ ಹಾಸಿಗೆಯ ಪಕ್ಕದಲ್ಲಿ ಕೂತು ರೇಡಿಯೋದ ಜೊತೆ ದಿನಾ ಜಪಮಾಲೆ ಹೇಳುತ್ತಿದ್ದಳು. ಅವನು ಎಡಗೈಯಲ್ಲಿ ರೇಡಿಯೋ ಆರಿಸುತ್ತಿದ್ದ. ಒಂದೇ ಒಂದು ಸಲ, ಜಾಡಿಯ ತಳದಲ್ಲಿ ಉಳಿದಿದ್ದ ಕರಡಿ ಕೊಬ್ಬನ್ನು ಕೆರೆದು ಅವಳು ಮಾಡಿದ ಪೈಯನ್ನು ಇಡಿಯಾಗಿ ತಿಂದ, ಬೆರಳನ್ನೂ ನೆಕ್ಕಿದ. ಆಮೇಲೆ ಕೊಬ್ಬು ಮುಗಿಯಿತು. ಅಕ್ಟೋಬರ್ ಮೊದಲ ವಾರ ಮತ್ತೆ ತೋರಿಸಬೇಕಿತ್ತು. ಅಷ್ಟರಲ್ಲಿ ನೂರ ಐವತ್ತಕ್ಕಿಂತ ಕೆಳಗೆ ಇಳಿದಿದ್ದರೆ ಹೊಟ್ಟೆಗೆ ಟ್ಯೂಬು ಹಾಕುತ್ತೇವೆ, ಇನ್ನು ಪಟ್ಟಣದ ಆರೈಕೆ ಮನೆಯಲ್ಲೇ ಇರಬೇಕಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು. ಪಟ್ಟಣ ನಮಗೆ ಮೂರು ಗಂಟೆಯ ದಾರಿ. ಕಾಡು ಕಾಣದ ಕಿಟಕಿಯ ಮುಂದೆ ಲಯೊನೆಲ್ ಒಂದು ತಿಂಗಳೂ ಉಳಿಯುವವನಲ್ಲ ಎಂದು ನಮಗಿಬ್ಬರಿಗೂ ಗೊತ್ತಿತ್ತು.

ಆಗಸ್ಟಿನ ಒಂದು ಶನಿವಾರ ಅವನು ನೂರ ಐವತ್ತೊಂಬತ್ತು ತೂಗಿದ. ಅವನನ್ನು ಪಿಕಪ್ಪಿನಲ್ಲಿ ಕೂರಿಸಿ ಬ್ಲಾಂಡಿನ್ ಒಳಗೆ ಬಂದಳು.

"ಕ್ಲೋಡೆಟ್, ನನಗೊಂದು ಕರಡಿ ಪರ್ಮಿಟ್ ಬರ್ಕೊಡು" ಅಂದಳು.

"ಯಾರ ಹೆಸರಿಗೆ?"

"ಯಾರ ಹೆಸರಿಗೆ ಅಂದ್ರೇನು. ನನ್ನ ಹೆಸರಿಗೆ."

ಲಯೊನೆಲ್‌ನ ಅಣ್ಣನ ಮಗ ಆರ್ಮೆಲ್ ಅಲ್ಲೇ ಕಾಫಿ ಕುಡಿಯುತ್ತಾ ನಿಂತಿದ್ದ. ಅವನೂ ಕರಡಿ ಬೇಟೆಗೆ ಜನರನ್ನು ಕರೆದೊಯ್ಯುವವನೇ. ಅವನಿಗೆ ನಗು ತಡೆಯಲಾಗಲಿಲ್ಲ. ಈ ವಯಸ್ಸಿನಲ್ಲಿ ಅಟ್ಟಣೆ ಹತ್ತಿದರೆ ಇಳಿಸುವುದಕ್ಕೆ ಅಗ್ನಿಶಾಮಕದವರು ಬರಬೇಕಾದೀತು ಎಂದ. ಕೊಬ್ಬು ಬೇಕಾದರೆ ತಾನೇ ಕೊಡುತ್ತೇನೆ, ಜಪ ಮಾಡುವವರ ಬಾಯಿಗೆ ಕರಡಿ ತಾನಾಗಿ ಬಂದು ಬೀಳುವುದಿಲ್ಲ ಚಿಕ್ಕಮ್ಮ ಎಂದ. ಕೊಟ್ಟದ್ದೂ ನಿಜ. ಬೇಟೆಯ ಮೊದಲ ವಾರವೇ ಅವನ ಕಡೆಯವರು ಹೊಡೆದ ಕರಡಿಯ ಕೊಬ್ಬು ಒಂದು ಬಕೆಟ್ ತಂದಿಟ್ಟ. ಆರ್ಮೆಲ್‌ನ ಬಾಯಿ ಹಾಳು, ಮನಸ್ಸು ಹಾಳಲ್ಲ. ಅವಳು ಪೈ ಮಾಡಿದಳು. ಲಯೊನೆಲ್ ಒಂದು ಚಮಚ ಬಾಯಿಗಿಟ್ಟು ಚಮಚವನ್ನು ತಟ್ಟೆಯ ಮೇಲೆ ಮಗುಚಿಟ್ಟ. ನಾನೂ ತಿಂದು ನೋಡಿದೆ. ಹೋಟೆಲಿನ ಕರಿದ ಎಣ್ಣೆ ಕರಡಿಯ ಮೈಯಿಂದ ಹಾಯ್ದು ನೇರ ಪೈಗೆ ಬಂದಿತ್ತು.

ಹೀಗಾಗಿ ಬೇಕಾದದ್ದು ಅವಳ ಪೀಪಾಯಿಯಲ್ಲಿ ತಿಂದ ಕರಡಿಯೇ. ಬೇಟೆಗಾರರಾರೂ ಬಾರದ ವರ್ಷವಾದರೂ ಅವಳು ನಾಲ್ಕು ಪೀಪಾಯಿಗಳಿಗೆ ಎರೆ ಹಾಕಿದ್ದಳು. ದಿನಾ ಮಧ್ಯಾಹ್ನ ಲಯೊನೆಲ್‌ನನ್ನು ಪಕ್ಕದ ಮನೆಯವರ ಕಣ್ಣಳತೆಗೆ ಬಿಟ್ಟು, ಮೂರು ಗಂಟೆಯಿಂದ ಹೊತ್ತು ಮುಳುಗುವ ತನಕ ಅಟ್ಟಣೆಯ ಮೇಲೆ ಕೂರುತ್ತಿದ್ದಳು. ಮೊದಲನೇ ವಾರ ಗಾಳಿ ತಿರುಗಿ ಕೈಕೊಟ್ಟಿತು. ಎರಡನೇ ವಾರ ಒಳ್ಳೆ ಮೈಕಟ್ಟಿನ ಕರಡಿ ಬಂತು, ಎಂಟನೇ ಮಣಿಗೆ ಅದರ ಹಿಂದೆ ಮೂರು ಮರಿ ಬಂದವು. ಅವಳು ಕೋವಿ ಮಡಿಲಲ್ಲಿಟ್ಟುಕೊಂಡು ಮರಿಗಳ ಜಗಳ ನೋಡುತ್ತಾ ಕೂತಳಂತೆ. ಇದನ್ನು ಹೇಳುವಾಗ ಅವಳಿಗೆ ಬೇಸರವೇ ಇರಲಿಲ್ಲ. ಬೇಸರವೆಲ್ಲ ನನಗೆ ಬಂತು.

ಮೂರನೇ ವಾರ ಆಲೂಗಡ್ಡೆ ಕೀಳುವ ಕೆಲಸ ಶುರುವಾಯಿತು. ಶಾಲೆಗೆ ರಜೆ ಬಿಟ್ಟರು. ನಡೆಯಬಲ್ಲವರೆಲ್ಲ ಹೊಲದಲ್ಲಿ. ಲಯೊನೆಲ್‌ನನ್ನು ನೋಡಿಕೊಳ್ಳಲು ಊರಿನಲ್ಲಿ ಒಬ್ಬರೂ ಉಳಿಯಲಿಲ್ಲ. ಬ್ಲಾಂಡಿನ್ ಎರಡು ದಿನ ಮನೆಯಲ್ಲೇ ಚಡಪಡಿಸಿದಳು. ಮೂರನೆಯ ದಿನ ಏಳನೇ ಪೀಪಾಯಿಯ ಎದುರಿಗೆ, ಮರದ ಮೇಲಲ್ಲ, ನೆಲದ ಮೇಲೇ, ಫರ್ ಕೊಂಬೆಗಳಿಂದ ಒಂದು ಮರೆ ಕಟ್ಟಿದಳು. ಮರ ಸಾಗಿಸುವ ಹಳೇ ದಾರಿಯಲ್ಲಿ ಗಾಲಿಕುರ್ಚಿ ತಳ್ಳಿಕೊಂಡು ಹೋಗಿ ಲಯೊನೆಲ್‌ನನ್ನು ಅಲ್ಲಿ ಕೂರಿಸಿ, ಪಕ್ಕದಲ್ಲಿ ತಾನು ಕೂತಳು.

ಆ ಸಂಜೆ ಅವಳು ನನ್ನ ಅಂಗಡಿಯ ಬಾಗಿಲು ದೂಡಿಕೊಂಡು ಬಂದಳು. ಕರಡಿ ಸಿಕ್ಕಿತೆಂದುಕೊಂಡು ನಾನು ಇಕ್ಕಳ ತೆಗೆದೆ.

"ಅವ್ನು ಮಾತಾಡ್ದ" ಅಂದಳು.

ನಡೆದದ್ದು ಇಷ್ಟು. ಐದು ಗಂಟೆಯ ಹೊತ್ತಿಗೆ ದೊಡ್ಡ ಗಂಡು ಕರಡಿಯೊಂದು ಬಂತು. ಅದರ ಬೆನ್ನು ಪೀಪಾಯಿಯ ಎರಡನೇ ಪಟ್ಟಿಯ ಮಟ್ಟಕ್ಕಿತ್ತು. ಅಂಥದ್ದು ನಾನೂರರ ಹತ್ತಿರ ತೂಗುತ್ತದೆ. ಬ್ಲಾಂಡಿನ್ ಉಸಿರಿನಲ್ಲೇ ಜಪ ಶುರುಮಾಡಿದಳು. ಎರಡನೇ ಮಣಿಗೆ ಪಕ್ಕದಿಂದ ಇನ್ನೊಂದು ದನಿ ಸೇರಿತು. ಗೊಗ್ಗರು ದನಿ, ಆದರೆ ಮಾತುಗಳು ಇಡಿಯಾಗಿವೆ, ಒಂದಕ್ಷರವೂ ಬಿಟ್ಟುಹೋಗಿಲ್ಲ. ಏಪ್ರಿಲಿನಿಂದ ಒಂದು ಹೂಂ ಅನ್ನದವನು ಕರಡಿಯ ಮೇಲೆ ಕಣ್ಣಿಟ್ಟು ನಮೋ ಮರಿಯ ಹೇಳುತ್ತಿದ್ದ. ಹತ್ತು ಆಯಿತು. ಅವಳು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅವನೂ ನಿಲ್ಲಿಸುತ್ತಾನಲ್ಲ. ಹತ್ತರ ಮೇಲೆ ಹತ್ತು, ಇಡೀ ಜಪಮಾಲೆಯ ಐವತ್ತೂ ಮುಗಿಸಿದಳು, ಅವನೂ ಅವಳ ಹಿಂದೆ ಹಿಂದೆ ಹೇಳುತ್ತಾ ಬಂದ. ಅಷ್ಟರಲ್ಲಿ ಕರಡಿ ಹೊಟ್ಟೆ ತುಂಬ ತಿಂದು, ಕೂತು ಮೈ ಕೆರೆದುಕೊಂಡು, ತನ್ನ ದಾರಿ ಹಿಡಿದು ಹೋಯಿತು. ಕರಡಿ ಹೋದೊಡನೆ ಅವನ ಬಾಯಿಯೂ ಮುಚ್ಚಿತು.

ನಾನು ಅತ್ತುಬಿಟ್ಟೆ. ಅತ್ತದ್ದಕ್ಕೆ ನನಗೆ ನಾಚಿಕೆಯಿಲ್ಲ.

ಮನೆಯಲ್ಲಿ ಅವಳು ಏನೇನೋ ಮಾಡಿ ನೋಡಿದಳು. ಮೇಣದ ಬತ್ತಿ ಹಚ್ಚಿಟ್ಟು ಹೇಳಿದಳು, ಗೋಡೆಗೆ ಕರಡಿಯ ಚಿತ್ರ ಅಂಟಿಸಿ ಹೇಳಿದಳು. ಅವನು ರೇಡಿಯೋ ಆರಿಸುವ ಹಾಗೆ ಅವಳ ಕಡೆಗೂ ಕೈ ಬೀಸಿದ. ಅವನ ಪ್ರಾರ್ಥನೆ ದೇವರ ಮುಂದೆ ಕಲಿತದ್ದಲ್ಲವಲ್ಲ, ಪೀಪಾಯಿಯ ಮುಂದೆ ಕಲಿತದ್ದು. ಕರಡಿ ಬಂದರೆ ಮಾತು ಬರುತ್ತದೆ, ಹೋದರೆ ಹೋಗುತ್ತದೆ. ಹೀಗೆ ಅವಳು ದಿನಾ ಅವನನ್ನು ತಳ್ಳಿಕೊಂಡು ಹೋಗತೊಡಗಿದಳು. ಆ ವಾರ ಅದೇ ಕರಡಿ ಇನ್ನೆರಡು ಸಲ ಬಂತು. ಎರಡು ಸಲವೂ ಐವತ್ತು ಮಣಿ. ಎರಡು ಸಲವೂ ಕೋವಿ ಮಡಿಲು ಬಿಟ್ಟು ಏಳಲಿಲ್ಲ.

ಆರ್ಮೆಲ್‌ಗೆ ಹಬ್ಬವಾಯಿತು. ಚಿಕ್ಕಮ್ಮ ಕರಡಿಗೆ ಧರ್ಮೋಪದೇಶ ಮಾಡುತ್ತಿದ್ದಾರೆ, ಬರುವ ಈಸ್ಟರಿಗೆ ಅದಕ್ಕೆ ಜ್ಞಾನಸ್ನಾನವಂತೆ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದ. ನಾನೂ ನಕ್ಕೆ. ಶನಿವಾರ ತಕ್ಕಡಿಯ ಮುಳ್ಳು ನೂರ ಐವತ್ತೆರಡಕ್ಕೆ ನಿಂತಾಗ ನಗು ಸತ್ತಿತು. ಬೇಟೆಗೆ ಉಳಿದದ್ದು ಒಂದು ವಾರ. ಅದರ ಮೇಲೆ ಬೆಟ್ಟದಲ್ಲಿ ಬೀಚ್ ಮರದ ಕಾಯಿ ಉದುರತೊಡಗಿತ್ತು. ಅದು ಉದುರಿತೆಂದರೆ ಕರಡಿಗಳು ಓಟ್ಸಿನ ಕಡೆ ತಿರುಗಿಯೂ ನೋಡುವುದಿಲ್ಲ. ಅವನನ್ನು ಪಿಕಪ್ಪಿನಲ್ಲಿ ಕೂರಿಸಿ ಬಾಗಿಲು ಹಾಕಿದ ಮೇಲೆ ನಾನು ಅವಳನ್ನು ಪಂಪಿನ ಹಿಂದಕ್ಕೆ ಎಳೆದುಕೊಂಡು ಹೋದೆ.

"ನಿಂಗೆ ಅವನ ದನಿ ಬೇಕೋ, ಅವನೇ ಬೇಕೋ?" ಅಂದೆ.

ಅವಳು ಬೂಟಿನ ತುದಿಯಿಂದ ಜಲ್ಲಿಕಲ್ಲು ಒದೆಯುತ್ತಿದ್ದಳು.

"ಒಂದೇ ಪರ್ಮಿಟ್ ಇರೋದು ಕ್ಲೋಡೆಟ್" ಅಂದಳು ಕೊನೆಗೆ. "ಒಂದು ಹೊಡೆದ್ರೆ ಮುಗೀತು, ಮತ್ತೆ ಪೀಪಾಯಿ ಮುಂದೆ ಕೂರೋ ಹಾಗಿಲ್ಲ. ಆಮೇಲೆ ಎಲ್ಲಿ ಕೇಳ್ಲಿ ನಾನು?"

"ಟ್ಯೂಬ್ ಹಾಕಿದ್ಮೇಲೆ ಎಲ್ಲಿ ಕೇಳ್ತೀಯ?"

ಹಾಗೆ ಕೇಳಿದ್ದು ಕ್ರೂರವಾಯಿತು, ಗೊತ್ತು. ಅವಳ ಜಾಗದಲ್ಲಿ ನಾನಿದ್ದರೆ ನೂರೈವತ್ತು ಮಣಿ ಎಣಿಸುತ್ತಿದ್ದೆ. ಆದರೂ ಯಾರಾದರೂ ಕೇಳಬೇಕಿತ್ತು.

ಆ ಕೊನೆಯ ವಾರ ಮಳೆ. ಐದು ದಿನ ಕರಡಿಯೇ ಬರಲಿಲ್ಲ. ಬ್ಲಾಂಡಿನ್ ದಿನಾ ಒದ್ದೆಯಾಗಿ ಬಂದು, ನನ್ನ ಕಿಟಕಿಯ ಹೊರಗಿನಿಂದಲೇ ಇಲ್ಲ ಎಂದು ತಲೆಯಾಡಿಸಿ ಹೋಗುತ್ತಿದ್ದಳು. ಕೊನೆಯ ಶನಿವಾರ ಬಿಸಿಲು ಬಂತು, ಹೊಳೆಯ ಕಡೆಯಿಂದ ತೆಳ್ಳಗೆ ಗಾಳಿ. ಕೆಸರಿನ ದಾರಿಯಲ್ಲಿ ಗಾಲಿಕುರ್ಚಿ ತಳ್ಳಲು ಅವಳೊಬ್ಬಳಿಂದ ಆಗುತ್ತಿರಲಿಲ್ಲ. ನಾನು ತಕ್ಕಡಿಯನ್ನು ಆರ್ಮೆಲ್‌ನ ಹೆಂಡತಿಗೆ ಒಪ್ಪಿಸಿ ಜೊತೆಗೆ ಹೋದೆ. ಕುರ್ಚಿ ಮರೆಯೊಳಗೆ ಸೇರುವಷ್ಟರಲ್ಲಿ ಮೂರೂವರೆಯಾಗಿತ್ತು. ಆ ಹೊತ್ತಿನಲ್ಲಿ ವಾಪಸು ನಡೆದರೆ ನನ್ನ ವಾಸನೆ ಕಾಡೆಲ್ಲ ಹರಡುತ್ತದೆ, ಇಲ್ಲೇ ಬಾಯಿ ಮುಚ್ಚಿಕೊಂಡು ಕೂತಿರು ಎಂದಳು ಬ್ಲಾಂಡಿನ್. ಬಾಯಿ ಮುಚ್ಚಿಕೊಂಡು ಎರಡು ಗಂಟೆ ಕೂತದ್ದು ನನ್ನ ಜೀವನದಲ್ಲಿ ಅದೇ ಮೊದಲು. ಲಯೊನೆಲ್ ತಿರುಗಿ ನನ್ನನ್ನು ನೋಡಿದ. ಪೆನ್ಸಿಲ್ವೇನಿಯದ ದಂತವೈದ್ಯನನ್ನೂ ಹೀಗೇ ನೋಡಿದ್ದಿರಬೇಕು.

ಕಿರುಗುಡುತ್ತಿದ್ದ ಅಳಿಲು ಒಂದು ಗಳಿಗೆ ಸುಮ್ಮನಾಯಿತು. ನಾನು ಅದರ ಕಡೆ ನೋಡಿ ತಿರುಗುವಷ್ಟರಲ್ಲಿ ಪೀಪಾಯಿಯ ಪಕ್ಕದಲ್ಲಿ ಕರಡಿ ನಿಂತಿತ್ತು. ಒಂದು ಕಡ್ಡಿ ಮುರಿದ ಸದ್ದೂ ಆಗಿರಲಿಲ್ಲ. ಸಾವಿರಾರು ಕರಡಿಗಳನ್ನು ಕೊಕ್ಕೆಯಲ್ಲಿ ನೋಡಿದವಳು ನಾನು. ನಾಲ್ಕು ಕಾಲಿನ ಮೇಲೆ ನಿಂತು ಮೂಗು ಎತ್ತಿ ಗಾಳಿ ಕುಡಿಯುತ್ತಿದ್ದದ್ದನ್ನು ನೋಡಿದ್ದು ಅದೇ ಮೊದಲು. ಮೈ ಕಪ್ಪಗೆ ಮಿರುಗುತ್ತಿತ್ತು, ನಡೆದಾಗ ಪಕ್ಕೆಯ ಕೊಬ್ಬು ತುಳುಕುತ್ತಿತ್ತು. ಎಷ್ಟು ಜಾಡಿಯಾದೀತು ಎಂದು ನಾನು ಲೆಕ್ಕ ಹಾಕಿದೆ. ಅದರ ಚಂದಕ್ಕೆ ಆ ಲೆಕ್ಕ ಮರೆತದ್ದೂ ಅದೇ ಹೊತ್ತಿಗೆ.

ಬ್ಲಾಂಡಿನ್‌ಳ ಬೆರಳು ಮೊದಲನೇ ಕಾಳನ್ನು ಹಿಡಿಯಿತು. ಅವಳ ದನಿ, ಆಮೇಲೆ ಅವನ ದನಿ. ಅವನ ಗಂಟಲು ನನಗೆ ಮರೆತುಹೋಗಿರಲಿಲ್ಲ, ಆದರೂ ಕೇಳಿದಾಗ ನನ್ನ ಕೈಯನ್ನು ನಾನೇ ಹಿಡಿದುಕೊಂಡೆ. ಐದು, ಆರು, ಏಳು. ಮರಿಗಳು ಬರಲಿಲ್ಲ. ಎಂಟು, ಒಂಬತ್ತು. ಕರಡಿ ತೂತಿಗೆ ಕೈ ಹಾಕಿ, ಪಕ್ಕೆಯನ್ನು ಪೂರಾ ನಮ್ಮ ಕಡೆ ತಿರುಗಿಸಿ ನಿಂತಿತು. ಇದಕ್ಕಿಂತ ಒಳ್ಳೆ ಗುರಿ ಯಾರಿಗೂ ಸಿಗುವುದಿಲ್ಲ. ಹತ್ತು.

ಲಯೊನೆಲ್ ನಿಲ್ಲಿಸಿದ. ಎಡಗೈ ಎತ್ತಿ ಹೆಂಡತಿಯ ಮೊಣಕಾಲಿನ ಮೇಲೆ ಇಟ್ಟ.

ಅವಳು ಹನ್ನೊಂದನೆಯದನ್ನು ಶುರುಮಾಡಿದಳು. ಅವನ ದನಿ ಸೇರಲಿಲ್ಲ. ಅವಳ ಮೊಣಕಾಲನ್ನು ಒತ್ತಿದ. ಅವಳ ದನಿ ಒಡೆಯಿತು, ಆದರೂ ಬಿಡದೆ ಹನ್ನೆರಡಕ್ಕೆ ಹೋದಳು. ಕಣ್ಣೀರು ಕೋವಿಯ ಹಿಡಿಯ ಮೇಲೆ ಬೀಳುತ್ತಿತ್ತು. ಅವನ ಬಾಯಿಯಿಂದ ಇನ್ನೊಂದು ಮಾತು ಹೊರಡಿಸದೆ ಅವಳು ಏಳುವವಳಲ್ಲ ಎಂದು ನನಗೆ ಅರ್ಥವಾಯಿತು. ಅವನಿಗೂ ಅರ್ಥವಾಗಿರಬೇಕು. ಅವನ ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು.

"ಸಾಕು ಬ್ಲಾಂಡಿನ್! ಹೊಡಿಯೇ!"

ಇಡೀ ಕಾಡಿಗೆ ಕೇಳುವಂಥ ಕೂಗು. ಕರಡಿ ಯಾವ ಕಡೆ ಹೋಯಿತೆಂದು ನಾವು ಮೂವರೂ ನೋಡಲಿಲ್ಲ. ಪೀಪಾಯಿ ಮಾತ್ರ ಸರಪಳಿಯಲ್ಲಿ ಅಲ್ಲಾಡುತ್ತಿತ್ತು. ಲಯೊನೆಲ್ ಬಾಯಿ ತೆರೆದುಕೊಂಡೇ ಕೂತಿದ್ದ. ಜೀವಮಾನವೆಲ್ಲ ಅಟ್ಟಣೆಯ ಮೇಲೆ ಸೀನಿದವರನ್ನೂ ಕ್ಷಮಿಸದವನು, ಬೇಟೆಯ ಕೊನೆಯ ದಿನ, ನಾನೂರು ಪೌಂಡಿನ ಕರಡಿಯನ್ನು ತಾನೇ ಕೂಗಿ ಓಡಿಸಿದ್ದ. ಅವನ ಮುಖದಲ್ಲಿ ಅಂಥ ನಾಚಿಕೆಯನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಬ್ಲಾಂಡಿನ್ ಕೋವಿಯಿಂದ ಗುಂಡು ತೆಗೆದು ಜೇಬಿಗೆ ಹಾಕಿಕೊಂಡಳು. ತೋಳಿನಿಂದ ಮುಖ ಒರೆಸಿಕೊಂಡಳು.

"ಬರೀ ಕೆಮ್ಮಿದ್ದಕ್ಕೆ ಒಬ್ಬನ್ನ ಊರಿಗೆ ಕಳಿಸಿದ್ದೆ ನೀನು" ಅಂದಳು.

ಮೊದಲು ಅವನ ಭುಜ ಅಲುಗಾಡಿತು. ನಗುತ್ತಿದ್ದಾನೆಂದು ತಿಳಿಯಲು ನಮಗೆ ಒಂದು ಗಳಿಗೆ ಬೇಕಾಯಿತು.

ಹಾಗೆ ಆ ವರ್ಷದ ಬೇಟೆ ಮುಗಿಯಿತು. ಕರಡಿಯಿಲ್ಲ, ಕೊಬ್ಬಿಲ್ಲ. ಅಷ್ಟೊಂದು ಕಷ್ಟಪಟ್ಟು ಕೊನೆಗೆ ಬರಿಗೈ ಎಂದು ಆ ರಾತ್ರಿಯೆಲ್ಲ ನಾನು ಒಬ್ಬಳೇ ಬೈದುಕೊಂಡೆ. ಭಾನುವಾರ ಪೂಜೆ ಮುಗಿಸಿ ಅವರ ಮನೆಗೆ ಹೋದೆ. ಬ್ಲಾಂಡಿನ್ ಬೇರೆ ದಾರಿಯಿಲ್ಲದೆ ಅಂಗಡಿಯ ಹಂದಿ ಕೊಬ್ಬಿನಲ್ಲೇ ಪೈ ಮಾಡಿದ್ದಳು. ಲಯೊನೆಲ್‌ನ ಮುಂದೆ ತಟ್ಟೆಯಿಟ್ಟು ನಾವಿಬ್ಬರೂ ನೋಡದವರ ಹಾಗೆ ಕಿಟಕಿಯ ಕಡೆ ತಿರುಗಿದೆವು. ಅವನು ಒಂದು ಚಮಚ ತಿಂದ. ಎಷ್ಟೋ ಹೊತ್ತು ಅಗಿದ.

"ಹಂದಿ" ಅಂದ.

ಆ ಒಂದು ಮಾತು ಹೊರಗೆ ಬರಲು ಅರ್ಧ ನಿಮಿಷ ಹಿಡಿಯಿತು, ಅದರಲ್ಲಿದ್ದ ತಿರಸ್ಕಾರ ಮಾತ್ರ ಮೊದಲಿನಷ್ಟೇ ಸಲೀಸಾಗಿತ್ತು. ಅಷ್ಟು ಹೇಳಿ ಚಮಚ ಮಗುಚಿಡುತ್ತಾನೆಂದು ಕಾದೆವು. ಇಡಲಿಲ್ಲ. ಪ್ರತಿ ತುತ್ತಿಗೂ ಮುಖ ಕಿವುಚುತ್ತಾ ಎರಡು ಹೋಳು ತಿಂದ, ಮೂರನೆಯದಕ್ಕೆ ತಟ್ಟೆ ಮುಂದೆ ತಳ್ಳಿದ. ಬ್ಲಾಂಡಿನ್ ಬಡಿಸಿದಳು. ಹೋಳು ಓರೆಯಾಗಿ ಬಿತ್ತು, ಅದಕ್ಕೂ ಅವನು ಹುಬ್ಬು ಗಂಟು ಹಾಕಿದ. ಆ ಗಂಟು ಹಾಕಿದ ಹುಬ್ಬನ್ನು ಅವಳ ಹಾಗೆ ಆಸೆಯಿಂದ ನೋಡಿದ ಹೆಂಡತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮುಂದಿನ ಶನಿವಾರ ಅವರು ಬಂದಾಗ ಅಂಗಳದಲ್ಲಿ ಆರ್ಮೆಲ್ ಇದ್ದ, ಇನ್ನೂ ನಾಲ್ಕು ಜನರಿದ್ದರು. ಯಾರೂ ತಮಾಷೆ ಮಾಡಲಿಲ್ಲ. ಸೋಮವಾರ ಪಟ್ಟಣಕ್ಕೆ ತೋರಿಸಲು ಹೋಗಬೇಕೆಂದು ಎಲ್ಲರಿಗೂ ಗೊತ್ತಿತ್ತು. ಆರ್ಮೆಲ್‌ನೇ ಬಂದು ರಾಟೆ ಎಳೆದ. ಕುರ್ಚಿ ನೆಲ ಬಿಟ್ಟಿತು, ಮುಳ್ಳು ಅಲ್ಲಾಡಿ ಅಲ್ಲಾಡಿ ನಿಂತಿತು.

"ನೂರ ಐವತ್ತಾರು" ಅಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

ಲಯೊನೆಲ್ ತಲೆ ಎತ್ತಿ ಮುಳ್ಳನ್ನು ನೋಡಿದ. ಆಮೇಲೆ ತಲೆಯನ್ನು ಒಂದು ಕಡೆಗೆ ವಾಲಿಸಿ ನನ್ನನ್ನು ನೋಡಿದ. ತುಟಿ ಎರಡು ಮೂರು ಸಲ ಆಡಿತು. ನಾವೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದೆವು, ಪೀಪಾಯಿಯ ಎದುರು ಕೂತವರ ಹಾಗೆ.

"ಕ್ಲೋಡೆಟ್" ಅಂದ. ನಿಂತ. ಮತ್ತೆ ಬಾಯಿ ತೆರೆದ. "ತಕ್ಕಡಿ... ಸುಳ್ಳು."

ಅಷ್ಟು ವರ್ಷ ಒಂದು ಸಲವೂ ಬಾಕಿ ಉಳಿಸದೆ ಬೈದವಳು, ಅವತ್ತಿನದನ್ನು ಬಾಕಿ ಉಳಿಸಿ ಅವನ ಕುರ್ಚಿಯ ಹಗ್ಗ ಹಿಡಿದು ನಿಂತುಬಿಟ್ಟೆ.